ಅಪ್ಪನ ಕೈಯ ಗದ್ದಲ

ಕಡಗ ಬಂದ ವರ್ಷ ನಮ್ಮ ಓಣಿಯಲ್ಲಿ ಕಪ್ಪು-ಬಸಿಗಳ ಕಟಕಟ ನಿಂತುಹೋಯಿತು. ಅದಕ್ಕೆ ಮೊದಲು ಯಾರ ಮನೆಗೆ ಹೋದರೂ ಹಿರಿಯರೊಬ್ಬರ ಕೈ ನಡುಗುತ್ತಿತ್ತು. ಚಹಾ ಅರ್ಧ ಬಾಯಿಗೆ, ಅರ್ಧ ಅಂಗಿಗೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ರಸ್ತೆಯಲ್ಲಿ ನಡುಕ ಸಂಶೋಧನಾ ಕೇಂದ್ರ ಎಂಬ ಹೊಸ ಕಟ್ಟಡವೊಂದು ಎದ್ದಿತ್ತು. ಅಲ್ಲಿಯವರು ಮಣಿಕಟ್ಟಿಗೆ ಹಾಕಿಕೊಳ್ಳುವ ಬೂದು ಬಣ್ಣದ ಬಳೆಯೊಂದನ್ನು ಮಾಡಿದರು. ಅದಕ್ಕೆ ಅವರಿಟ್ಟ ಹೆಸರು ಯಾರ ನಾಲಿಗೆಗೂ ಹೊಂದಲಿಲ್ಲ, ಜನ ಕಡಗ ಎಂದರು. ಅದನ್ನು ತೊಡಿಸಿದರೆ ನಡುಗುವ ಕೈ ನಿಲ್ಲುತ್ತಿತ್ತು. ವಾಚ್ ರಿಪೇರಿಯ ಗೌಸುಸಾಬರು ಮುಚ್ಚಿದ್ದ ಅಂಗಡಿಯ ಬಾಗಿಲು ಮತ್ತೆ ತೆಗೆದರು. ಎದುರುಮನೆಯ ಪಾರಕ್ಕ ಸೂಜಿಗೆ ತಾನೇ ದಾರ ಪೋಣಿಸಿ ಇಡೀ ಓಣಿಗೆ ತೋರಿಸಿಕೊಂಡು ಬಂದಳು.

ಫಜೀತಿಗಳೂ ಆಗದೆ ಇರಲಿಲ್ಲ. ಪಾರಕ್ಕ ಮೊರ ಹಿಡಿದು ಅಕ್ಕಿ ಕೇರಲು ಕೂತರೆ ಕಡಗ ಅದನ್ನೂ ನಡುಕವೆಂದೇ ತಿಳಿದು ಕೈಯನ್ನು ಬಿಗಿಹಿಡಿಯುತ್ತಿತ್ತು. ಭಜನೆಯಲ್ಲಿ ದಮ್ಮಡಿ ಅಲ್ಲಾಡಿಸುವ ನಿಂಗಪ್ಪಜ್ಜನ ಕೈ ತಾಳದ ನಡುವೆ ನಿಂತು, ಅವನು ಆಶೀರ್ವಾದ ಮಾಡುವವನ ಹಾಗೆ ಕೂತುಬಿಟ್ಟಿದ್ದ. ಆದರೆ ಇದನ್ನೆಲ್ಲ ಯಾರೂ ದೊಡ್ಡದು ಮಾಡಲಿಲ್ಲ. ಕೇರುವಾಗ ಕಡಗ ಬಿಚ್ಚಿ ಗೂಟಕ್ಕೆ ಹಾಕಿದರಾಯಿತು, ಮತ್ತೆ ತೊಟ್ಟರಾಯಿತು.

ನನ್ನ ಅಪ್ಪನಿಗೆ ಅದು ಹಾಗೆ ಬಿಚ್ಚಿಡುವ ವಸ್ತುವಾಗಿರಲಿಲ್ಲ.

ಅಪ್ಪನ ಹೆಸರು ಮೌನೇಶಪ್ಪ ಬಡಿಗೇರ. ಮೌನೇಶ್ವರನಿಗೆ ಹರಕೆ ಹೊತ್ತು ಹುಟ್ಟಿದವನೆಂದು ಇಟ್ಟ ಹೆಸರು. ಇಟ್ಟಾಗ ಯಾರಿಗೂ ಮುಂದಿನದು ಗೊತ್ತಿರಲಿಲ್ಲ. ನಡೆಯಲು ಕಲಿಯುವ ವಯಸ್ಸಿಗೆ ಜ್ವರ ಬಂದು ಕಿವಿ ಹೋಯಿತು, ಕಿವಿಯ ಹಿಂದೆಯೇ ಮಾತೂ ಹೋಯಿತು. ದೇವರು ಹೆಸರನ್ನು ಸ್ವಲ್ಪ ಹೆಚ್ಚೇ ಮನಸ್ಸಿಗೆ ಹಚ್ಚಿಕೊಂಡ ಎಂದು ನನ್ನಜ್ಜಿ ಬೈಯುತ್ತಿದ್ದಳಂತೆ. ಅಪ್ಪ ಕಿವುಡರ ಶಾಲೆಯಲ್ಲಿ ಕೈಮಾತು ಕಲಿತ, ಆಮೇಲೆ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆದ. ಆ ಶೆಡ್ಡಿನಲ್ಲಿ ಸುತ್ತಿಗೆ, ರಿವೆಟ್ಟುಗಳ ಸದ್ದಿಗೆ ಹಗಲೆಲ್ಲ ಎಲ್ಲರೂ ಕಿವುಡರೇ. ಹಾಗಾಗಿ ಜೊತೆಯವರು ಅಪ್ಪನಿಂದ ಕೈಮಾತು ಕಲಿತು, ಈ ತುದಿಯಿಂದ ಆ ತುದಿಗೆ ಸಾಹೇಬರನ್ನು ಆಡಿಕೊಳ್ಳುತ್ತ ಸುಖವಾಗಿದ್ದರು.

ನನ್ನವ್ವ ಕಾಳಮ್ಮನಿಗೆ ಕಿವಿಯೂ ಇದೆ, ಬಾಯಿಯಂತೂ ಇದ್ದೇ ಇದೆ. ಮದುವೆಯಾದ ವರ್ಷವೇ ಕೈಮಾತನ್ನೂ ಕಲಿತಳು. ಬಾಯಿ, ಕೈ ಎರಡರಲ್ಲೂ ಒಟ್ಟಿಗೇ ಬೈಯುವುದರಿಂದ ನಮ್ಮ ಮನೆಯಲ್ಲಿ ತಪ್ಪಿಸಿಕೊಳ್ಳುವ ದಾರಿ ಯಾರಿಗೂ ಇರಲಿಲ್ಲ. ನಾನು ವಿಶಾಲಾ, ಅವರ ಒಬ್ಬಳೇ ಮಗಳು, ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಅಪ್ಪನ ಬಾಯಲ್ಲಿ, ಅಂದರೆ ಕೈಯಲ್ಲಿ, ನನ್ನ ಹೆಸರು ವಿಶಾಲಾ ಅಲ್ಲ. ನಾನು ಗೆಜ್ಜೆ ಕಟ್ಟಿಕೊಂಡು ಓಡಾಡುತ್ತಿದ್ದಾಗ ಅಪ್ಪನಿಗೆ ಗೆಜ್ಜೆ ಕೇಳುತ್ತಿರಲಿಲ್ಲ. ನಾನು ಕಾಲಿಟ್ಟಲ್ಲೆಲ್ಲ ಅವ್ವ ತಿರುಗಿ ನೋಡುವುದು ಮಾತ್ರ ಕಾಣುತ್ತಿತ್ತು. ಅದಕ್ಕೆ ಕಿವಿಯ ಪಕ್ಕ ಕೈಯೆತ್ತಿ ಐದೂ ಬೆರಳು ಅಲುಗಿಸುವುದೇ ನನ್ನ ಹೆಸರಾಯಿತು. ಇನ್ನು ಮುಂದೆ ಅಪ್ಪ ಕೈಯಲ್ಲಿ ಹೇಳಿದ್ದನ್ನೂ ನಾನು ಬಾಯಿಮಾತಿನ ಹಾಗೆಯೇ ಬರೆಯುತ್ತೇನೆ, ಯಾಕೆಂದರೆ ನನಗೆ ಅದು ಹಾಗೆಯೇ ಕೇಳುತ್ತದೆ.

ನಿವೃತ್ತಿಯಾದ ಕೆಲವು ವರ್ಷಕ್ಕೆ ಅಪ್ಪನ ಬಲಗೈ ನಡುಗಲು ಶುರುವಾಯಿತು. ಆಮೇಲೆ ಎಡಗೈ. ಬೇರೆಯವರಿಗೆ ಕೈ ನಡುಗಿದರೆ ಚಹಾ ಚೆಲ್ಲುತ್ತದೆ. ಅಪ್ಪನಿಗೆ ಮಾತೇ ಚೆಲ್ಲಿಹೋಗತೊಡಗಿತು. ಚಹಾ ಕೇಳಿದರೆ ಅವ್ವ ಛತ್ರಿ ತಂದುಕೊಟ್ಟಳು. ವರ್ಕ್‌ಶಾಪಿನ ಹಳೆಯ ಗೆಳೆಯರು ಬಂದಾಗ ಅಪ್ಪ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಬೇಕಾಯಿತು, ಅವರು ಅರ್ಥವಾದಂತೆ ತಲೆಯಾಡಿಸಿ ಎದ್ದುಹೋದರು. ಹಾಗೆ ತಲೆಯಾಡಿಸುವುದು ಅಪ್ಪನಿಗೆ ಗೊತ್ತಾಗದೆ ಇರುತ್ತದೆಯೇ? ಜೀವಮಾನವಿಡೀ ಮುಖ ನೋಡಿ ಬದುಕಿದವನು. ಎರಡೂ ಕೈಗಳನ್ನು ಕಂಕುಳಲ್ಲಿಟ್ಟುಕೊಂಡು ಸುಮ್ಮನೆ ಕೂರುವುದು ಕಲಿತ.

“ಈಗ ಖರೇನ ಮೌನೇಶ ಆದ್ರು ನೋಡು,” ಎಂದಳು ಅವ್ವ. ಹಾಸ್ಯಕ್ಕೆಂದು ಬಾಯಿ ತೆರೆದವಳು ಅಡುಗೆಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಆದ್ದರಿಂದ ಕೇಂದ್ರದಿಂದ ನಮ್ಮ ಸರದಿ ಬಂತೆಂದು ಫೋನ್ ಬಂದ ದಿನ ಅವ್ವ ಹೋಳಿಗೆ ಮಾಡಿದಳು.

ಕೇಂದ್ರದ ಒಳಗೆ ದೊಡ್ಡ ಹಜಾರ. ಒಂದು ಗೋಡೆ ತುಂಬ ಪರದೆ, ಪರದೆಯ ತುಂಬ ಹಸಿರು ಗೆರೆಗಳು. ಒಂದೊಂದು ಗೆರೆಯೂ ಊರಿನ ಯಾರದೋ ಒಂದು ಕೈ. ಅವರು ಆ ಹೊತ್ತಿಗೆ ಕೈಯಲ್ಲಿ ಏನು ಮಾಡುತ್ತಿದ್ದಾರೋ ಅದರಂತೆ ಗೆರೆ ಏರುತ್ತ ಇಳಿಯುತ್ತ ಹೋಗುತ್ತಿತ್ತು. ನಮ್ಮನ್ನು ಬರಮಾಡಿಕೊಂಡವಳು ಮೆಹರುನ್ನಿಸಾ ಬೇಪಾರಿ. ಕಡಗದೊಳಗಿನ ತಂತ್ರಾಂಶ ಬರೆದವಳು ಅವಳೇ, ಸಂಖ್ಯಾಶಾಸ್ತ್ರ ಓದಿದವಳು, ಮೂವತ್ತರ ಆಸುಪಾಸಿನ ಹುಬ್ಬಳ್ಳಿಯ ಹುಡುಗಿ. ತಂತ್ರಾಂಶದ ಹೆಸರು ರೇಖಾ. ಅಲ್ಲಿಯವರೆಲ್ಲ ಅದನ್ನು ಒಬ್ಬ ಸಿಡುಕಿನ ಗುಮಾಸ್ತೆಯ ಹಾಗೆ ಮಾತಾಡಿಸುತ್ತಿದ್ದರು: “ರೇಖಾ ಏನಂತಾಳ ಇವತ್ತ? ಒಪ್ಪಿದ್ಲಾ?”

“ಕಾಕಾರ, ನಿಮ್ಮ ಕೈ ಎಲ್ಲಿ ಹೊಂಟೈತಿ ಅನ್ನೂದನ್ನ ಈ ಕಡಗ ಕಣ್ಣು ಮಿಟಕಸೂದ್ರಾಗ ನೂರಾರು ಸಲ ನೋಡ್ತೈತಿ,” ಎಂದಳು ಮೆಹರ್. ನಾನು ಅಪ್ಪನಿಗೆ ಕೈಯಲ್ಲಿ ಹೇಳಿದೆ. “ಅಷ್ಟೂ ಚುಕ್ಕಿ ನಡುವ ರೇಖಾ ಒಂದ ಗೆರಿ ಎಳೀತಾಳ. ಆ ಗೆರಿ ಅಂದ್ರ ನಿಮ್ಮ ಮನಸಿನಾಗಿದ್ದ ಚಲನಾ. ಗೆರಿಗೆ ಹೊಂದದ ಉಳದದ್ದೆಲ್ಲಾ ನಡುಕ. ಉಳದದ್ದಕ್ಕ ಎದುರಾಗಿ ಕಡಗ ಕೈಯನ್ನ ಬೆರಳಿನ ತನಕಾ ಮೆಲ್ಲಕ ದೂಡ್ತೈತಿ, ಅಷ್ಟ.”

ಅಷ್ಟೇ ಅಲ್ಲವೆಂದು ಗಣಿತದವಳಾದ ನನಗೆ ಗೊತ್ತಿತ್ತು. ಹಾಳೆಯ ಮೇಲೆ ಸಾಸಿವೆ ಚೆಲ್ಲಿದೆ ಅಂದುಕೊಳ್ಳಿ, ಅದರ ನಡುವೆ ಒಂದು ಗೆರೆ ಎಳೆಯಬೇಕು. ಸ್ಕೇಲಿಟ್ಟು ಎಳೆದರೆ ಗೆರೆ ನೆಟ್ಟಗಿರುತ್ತದೆ, ಆದರೆ ಸಾಸಿವೆ ಎಲ್ಲೋ, ಗೆರೆ ಎಲ್ಲೋ. ಪ್ರತಿ ಕಾಳನ್ನೂ ಮುಟ್ಟುತ್ತ ಎಳೆದರೆ ಅದು ಗೆರೆಯಲ್ಲ, ಕೋಳಿ ಕೆದರಿದ ಕಸ. ನಡುವಿನ ದಾರಿಯೆಂದರೆ ಬಿದಿರಿನ ತೆಳುವಾದ ಸೀಳೊಂದನ್ನು ಬಗ್ಗಿಸಿ ಇಡುವುದು. ಬಗ್ಗಬೇಕಾದಲ್ಲಿ ಬಗ್ಗುತ್ತದೆ, ಚಿಲ್ಲರೆ ಅಂಕುಡೊಂಕಿಗೆಲ್ಲ ಬಗ್ಗುವುದಿಲ್ಲ. ಸೀಳು ಎಷ್ಟು ಬಿರುಸಾಗಿರಬೇಕು ಎಂಬುದನ್ನು ಹೇಳುವ ಅಂಕಿಯೊಂದಿದೆ. ಅದಕ್ಕೆ ಅವರು ನಯ ಎಂದು ಹೆಸರಿಟ್ಟಿದ್ದರು. ನಯ ಹೆಚ್ಚಿಸಿದರೆ ಗೆರೆ ನುಣುಪು, ಇಳಿಸಿದರೆ ತರಕಲು. ಒಬ್ಬೊಬ್ಬರ ಕೈಗೂ ಎಷ್ಟು ನಯ ಬೇಕೆಂದು ರೇಖಾ ತಾನೇ ಲೆಕ್ಕ ಹಾಕುತ್ತಿದ್ದಳು.

“ನಾವು ಆ ಉಳದದ್ದಕ್ಕ ಗದ್ದಲ ಅಂತೀವ್ರಿ. ಕೈಯಾಗಿನ ಗದ್ದಲಾ ತಗದ ಹಾಕಿದ್ರ ಕಾಕಾರು ಆರಾಮ,” ಎಂದಳು ಮೆಹರ್.

ಗದ್ದಲ ಎಂಬ ಮಾತನ್ನು ಕೈಯಲ್ಲಿ ಹೇಗೆ ಹೇಳುವುದೆಂದು ನಾನು ಸ್ವಲ್ಪ ತಡವರಿಸಿದೆ. ಕೊನೆಗೆ ಸಂತೆಯ ಸದ್ದಿಗೆ ಹೇಳುವ ಸನ್ನೆಯನ್ನೇ ಮಾಡಿದೆ. ಅಪ್ಪ ತನ್ನ ನಡುಗುವ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದ.

“ಇದರಾಗ ಗದ್ದಲ ಐತಂತ? ನನಗೇನೂ ಕೇಳಸ್ಲಿಲ್ಲಪಾ.”

ನಾನು ಅದನ್ನು ಬಾಯಲ್ಲಿ ಹೇಳಿದಾಗ ಮೆಹರ್ ಬಿದ್ದು ಬಿದ್ದು ನಕ್ಕಳು. ಅಪ್ಪನಿಗೆ ಅವಳು ಹಿಡಿಸಿದ್ದು ಆವಾಗಲೇ ಇರಬೇಕು.

ಕಡಗಗಳನ್ನು ಎರಡೂ ಕೈಗೆ ತೊಡಿಸಿದರು. ರೇಖಾ ಅಪ್ಪನ ಕೈಗಳನ್ನು ಕಲಿಯುವವರೆಗೆ ಒಂದಷ್ಟು ಹೊತ್ತು ಕಾಯಬೇಕಾಯಿತು. ಆಮೇಲೆ ನಾವು ನೋಡುತ್ತಿದ್ದಂತೆಯೇ ಕೈಗಳು ಶಾಂತವಾದವು. ಅಪ್ಪ ಲೋಟದಲ್ಲಿ ನೀರು ಕುಡಿದ. ಮೇಜಿನ ಮೇಲಿದ್ದ ಒಂದು ಸಣ್ಣ ಸ್ಕ್ರೂ ಎತ್ತಿ ನಟ್ಟಿನೊಳಗೆ ತಿರುಗಿಸಿದ. ಆಮೇಲೆ ಅವ್ವನ ಕಡೆ ತಿರುಗಿ ಒಂದೇ ಸಮನೆ ಮಾತಾಡಿದ.

“ನಾ ಚಹಾ ಕೇಳಿದ್ರ ಛತ್ರಿ ಕೊಟ್ಟಿ. ಬೀಗರ ಸುದ್ದಿ ಹೇಳಿದ್ರ ಬದನಿಕಾಯಿ ತಂದಿ. ಇಷ್ಟ ದಿನಾ ನಿನ್ನ ಕೂಡ ಸಂಸಾರ ಮಾಡೂದು ಭಾಳ ತ್ರಾಸಾತು.”

ಅವ್ವ ಇಷ್ಟೊಂದು ಬೈಸಿಕೊಂಡು ಇಷ್ಟೊಂದು ಸಂತೋಷಪಟ್ಟಿದ್ದನ್ನು ನಾನು ನೋಡಿರಲಿಲ್ಲ. ಮೆಹರಳ ಎರಡೂ ಕೈ ಹಿಡಿದು, “ನಿನ್ನ ಹೊಟ್ಟಿ ತಣ್ಣಗಿರ್ಲಿ ಯವ್ವಾ,” ಎಂದಳು.

ಮನೆಗೆ ಬಂದ ಮೇಲೆ ಗೊತ್ತಾಯಿತು.

ಊಟಕ್ಕೆ ಕೂತಾಗ ಅವ್ವ ಅಪ್ಪನ ತಟ್ಟೆಗೆ ಬದನೆಕಾಯಿ ಎಣಗಾಯಿ ಬಡಿಸಿದಳು. ಅಪ್ಪ ಸಾಕು, ಬೇಡ ಎನ್ನಲು ಅಂಗೈಯನ್ನು ಅಡ್ಡಡ್ಡ ಅಲ್ಲಾಡಿಸಬೇಕು. ಕೈ ಮೇಲೆದ್ದಿತು, ಅಲ್ಲಾಡಲಿಲ್ಲ, ಗಾಳಿಯಲ್ಲಿ ನಿಂತಿತು. ತಟ್ಟೆಯ ಮೇಲೇ ಕಣ್ಣಿಟ್ಟಿದ್ದ ಅವ್ವನಿಗೆ ಅದು ‘ಇರಲಿ, ಹಾಕು’ ಎಂಬಂತೆ ಕಂಡಿತು. ಇನ್ನಷ್ಟು ಹಾಕಿದಳು. ಅಪ್ಪ ಮತ್ತೆ ಕೈಯೆತ್ತಿದ, ಅವ್ವ ಮತ್ತೆ ಹಾಕಿದಳು. “ಲಗ್ನ ಆದಾಗಿಂದ ನಿಮ್ಮಪ್ಪ ಇಷ್ಟ ಒಪ್ಪಗಿ ಕೊಟ್ಟಿದ್ದಿಲ್ಲ,” ಎಂದು ಅವಳಿಗೆ ಖುಷಿ. ನಾನೂ ನಕ್ಕೆ. ಆದರೆ ಅಪ್ಪನ ಮುಖ ನೋಡಿ ನಗು ಅಲ್ಲಿಗೇ ನಿಂತಿತು.

ಕೈಮಾತಿನಲ್ಲಿ ಎಷ್ಟೊಂದು ಪದಗಳು ಅಲುಗಾಟದಿಂದಲೇ ಆಗಿವೆ ಎಂಬುದು ನನಗೆ ಅವತ್ತಿನವರೆಗೆ ಹೊಳೆದಿರಲಿಲ್ಲ. ಬೇಡ ಎನ್ನುವುದಕ್ಕೆ ಕೈ ಅಲುಗಬೇಕು, ಏನು ಎಂದು ಕೇಳುವುದಕ್ಕೂ ಅಲುಗಬೇಕು. ಮಳೆಗೆ ಬೆರಳು ಉದುರಬೇಕು, ಬೆಂಕಿಗೆ ಬೆರಳು ಕುಣಿಯಬೇಕು. ರೇಖಾಗೆ ಇವೆಲ್ಲ ಅಪ್ಪನ ನಡುಕದಷ್ಟೇ ಚುರುಕಾದ, ಅಷ್ಟೇ ಸಣ್ಣ ಏರಿಳಿತಗಳು. ಬಿದಿರಿನ ಸೀಳು ಅವುಗಳ ಮೇಲೆ ಹಾಯಾಗಿ ಹಾದುಹೋಗುತ್ತಿತ್ತು. ಅಪ್ಪನ ಮಾತಿನಲ್ಲಿ ಪ್ರಶ್ನೆಗಳೇ ಇಲ್ಲವಾದವು, ಬೇಡ ಎಂಬುದಂತೂ ಹೋಗಿಯೇ ಹೋಯಿತು.

ಮರುದಿನ ನಾನು ಶಾಲೆಗೆ ಹೊರಡುವಾಗ ಅಪ್ಪ ನನ್ನನ್ನು ಕರೆಯಲು ಕಿವಿಯ ಪಕ್ಕ ಕೈಯೆತ್ತಿದ. ಬೆರಳುಗಳು ಅಲುಗಲಿಲ್ಲ. ಬಲವಂತವಾಗಿ ಅಲುಗಿಸಲು ನೋಡಿದ. ಕಡಗ ಅಷ್ಟೇ ಬಲವಾಗಿ ಹಿಡಿದುಕೊಂಡಿತು. ಕಿವಿಯ ಬಳಿ ಸುಮ್ಮನೆ ನಿಂತ ಆ ಕೈಯನ್ನು ನೋಡಿ ನನಗೆ ಅಳು ಬಂತು. ನಲವತ್ತು ದಾಟಿದ ಟೀಚರ್, ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು ಅತ್ತೆ. ಅಪ್ಪ ಒಂದು ನಿಮಿಷ ನೋಡಿ, ಎದ್ದು ಬಂದು ನನ್ನ ಭುಜ ತಟ್ಟಿದ. ಹೆಸರು ಗೊತ್ತಿಲ್ಲದ ಅಪರಿಚಿತರನ್ನು ಕರೆಯುವಾಗ ಕಿವುಡರು ಹಾಗೆ ತಟ್ಟುತ್ತಾರೆ.

ಅದೇ ವಾರ ಮತ್ತೆ ಕೇಂದ್ರಕ್ಕೆ ಹೋದೆವು. ಮೆಹರ್ ಪೂರ್ತಿ ಕೇಳಿಸಿಕೊಂಡು ಪರದೆಯ ಮುಂದೆ ಕೂತು ನಯವನ್ನು ಇಳಿಸುತ್ತ ಬಂದಳು. ಇಳಿಸಿದಂತೆ ಅಪ್ಪನ ಬೆರಳು ಅಲುಗಿತು, ನನ್ನ ಹೆಸರು ಬಂತು. ಅದರ ಜೊತೆಗೆ ನಡುಕವೂ ಬಂತು. ಏರಿಸಿದಳು. ನಡುಕ ಹೋಯಿತು, ಹೆಸರೂ ಹೋಯಿತು. ಎಷ್ಟೋ ಸಲ ಹೀಗೆ ಏರಿಸಿ ಇಳಿಸಿ ಕೊನೆಗೆ ಕೈ ಬಿಟ್ಟಳು.

“ಅಕ್ಕಾರ, ಇದರಾಗ ಎರಡೂ ಒಂದ ಥರಾ ಕಾಣಸಾಕತ್ತಾವ್ರಿ. ಯಾವ ಅಂಕಿ ಇಟ್ರೂ ಒಂದ ಉಳೀತೈತಿ, ಒಂದ ಹೋಗ್ತೈತಿ. ಲೋಟಾ ಹಿಡಿಯೂ ಕೈ ಬೇಕೋ, ಹೆಸರ ಹೇಳೂ ಕೈ ಬೇಕೋ ಅಂತ ನಾ ಹೆಂಗ ಕೇಳ್ಲಿ ಕಾಕಾರಿಗೆ?”

ನಾನು ಕೇಳಿದೆ. ಕೇಳಲೇಬೇಕಾಗಿತ್ತು, ಕೈ ಅಪ್ಪನದು. ಅಪ್ಪ ಎರಡೂ ಕಡಗಗಳನ್ನು ಬಿಚ್ಚಿ ಮೇಜಿನ ಮೇಲಿಟ್ಟ. ಕೈಗಳು ಮತ್ತೆ ನಡುಗತೊಡಗಿದವು. ಆ ನಡುಗುವ ಕೈಗಳಲ್ಲೇ, ತಪ್ಪಾಗಬಾರದೆಂದು ನಿಧಾನವಾಗಿ, ಎರಡೆರಡು ಸಲ ಹೇಳಿದ.

“ಚಹಾ ನಮ್ಮಾಕಿ ಕುಡಸ್ತಾಳ. ಮಗಳನ್ನ ನಾನ ಕರೀಬೇಕು. ಆದ್ರ ಈ ಹುಡಗಿಗೆ ಒಂದ ಮಾತ ಕೇಳು. ನಾ ಬ್ಯಾಡ ಅನ್ನೂದು ಆಕಿ ಲೆಕ್ಕದಾಗ ಯಾಕ ಗದ್ದಲಾತು?”

ಬೇರೆ ಯಾರಾದರೂ ಆಗಿದ್ದರೆ ಯಂತ್ರದ ಮಿತಿಗಳ ಬಗ್ಗೆ ನಾಲ್ಕು ಮಾತು ಹೇಳಿ, ಕಾಗದಕ್ಕೆ ಸಹಿ ಹಾಕಿಸಿಕೊಂಡು ನಮ್ಮನ್ನು ಕಳಿಸುತ್ತಿದ್ದರು. ಮೆಹರ್ ಕುರ್ಚಿಯನ್ನು ಅಪ್ಪನ ಎದುರಿಗೆ ಎಳೆದುಕೊಂಡು ಕೂತಳು.

“ಯಾಕಂದ್ರ ನಾ ಮಣಿಕಟ್ಟ ಒಂದನ್ನ ನೋಡೀನ್ರಿ ಕಾಕಾ. ಮಾತಾಡೂ ಕೈ ನಾ ಯಾವತ್ತೂ ನೋಡಿಲ್ಲ. ನನಗ ತೋರಸ್ರಿ.” ಅವ್ವನ ಕಡೆ ತಿರುಗಿದಳು. “ಅವ್ವಾರ, ನೀವಿಬ್ರೂ ಇಲ್ಲೇ ಕುಂತ ಜಗಳಾ ಆಡಬೇಕಲ್ರಿ.”

“ಸುಮ್ನ ಹೆಂಗ ಜಗಳಾ ಆಡೂದು? ಕಾರಣ ಬ್ಯಾಡ?” ಎಂದಳು ಅವ್ವ. ಆದರೆ ಸೆರಗು ಸಿಕ್ಕಿಸಿಕೊಂಡಾಗಿತ್ತು.

ಎದುರಿಗೆ ಕ್ಯಾಮೆರಾ ಇಟ್ಟು, ಅಪ್ಪನ ಬೆರಳಿನಿಂದ ಭುಜದವರೆಗೆ ಸಣ್ಣ ಸಣ್ಣ ಬಿಲ್ಲೆಗಳನ್ನು ಅಂಟಿಸಿದರು. ಅವು ಕೈಯನ್ನು ಹಿಡಿಯುವುದಿಲ್ಲ, ನೋಡುತ್ತವೆ ಅಷ್ಟೇ. ನಮ್ಮ ಮನೆಯಲ್ಲಿ ಎಂದಿಗೂ ಮುಗಿಯದ ಜಗಳ ಒಂದೇ ಒಂದು. ನಾನು ಚಿಕ್ಕವಳಿದ್ದಾಗ ಗದಗ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನನ್ನನ್ನು ಮರೆತು ರೈಲು ಹತ್ತಿದವರು ಯಾರು ಎಂಬುದು. ಮಗಳು ನಿನ್ನ ಹತ್ತಿರ ಇದ್ದಾಳೆಂದು ನಾನು ತಿಳಿದಿದ್ದೆ ಎಂದು ಇಬ್ಬರೂ ಹೇಳುತ್ತಾರೆ. ಅವ್ವ ಅದನ್ನೇ ಎತ್ತಿದಳು. ಅಪ್ಪ ಮೊದಲು ಸಂಕೋಚಪಟ್ಟ. ಆಮೇಲೆ ಅವ್ವ ಏನೋ ಒಂದು ಸುಳ್ಳು ಸೇರಿಸಿದಳು ನೋಡಿ, ಬಿಲ್ಲೆ, ಕ್ಯಾಮೆರಾ ಎಲ್ಲ ಮರೆತ. ಏನು, ಯಾಕೆ, ಇಲ್ಲ, ನಾನಲ್ಲ, ರೈಲು, ಗದ್ದಲ, ಮಗಳು. ನನ್ನ ಹೆಸರು ಎಷ್ಟು ಸಲ ಬಂತೋ ಲೆಕ್ಕವಿಲ್ಲ. ಕೆಲಸ ಬಿಟ್ಟು ಸುತ್ತ ನಿಂತ ಇಂಜಿನಿಯರುಗಳಿಗೆ ಒಂದಕ್ಷರ ಅರ್ಥವಾಗದಿದ್ದರೂ ಅವ್ವನೇ ಗೆಲ್ಲುತ್ತಿದ್ದಾಳೆಂಬುದು ಅರ್ಥವಾಗಿತ್ತು.

ಜಗಳ ಆಡಿಸುವುದಕ್ಕೆಂದೇ ನಾವು ಹಲವು ಸಲ ಹೋದೆವು. ಆಮೇಲೆ ನಾನು, ಅವ್ವ ಇಬ್ಬರೂ ಕ್ಯಾಮೆರಾ ತೆಗೆದ ಆ ಚಿತ್ರಗಳ ಮುಂದೆ ಕೂತು ಮಾತು ಬಂದಾಗ ಒಂದು ಗುಂಡಿ, ಬರೀ ನಡುಕ ಬಂದಾಗ ಇನ್ನೊಂದು ಗುಂಡಿ ಒತ್ತಿದೆವು. ಅವ್ವ ಗುಂಡಿ ಒತ್ತುತ್ತಲೇ ಚಿತ್ರದಲ್ಲಿನ ಅಪ್ಪನಿಗೆ ಉತ್ತರವನ್ನೂ ಕೊಡುತ್ತಿದ್ದಳು. ರೇಖಾ ಒಳಗೆ ಕೂತು ಅಪ್ಪನ ತೋಳಿನ ಉದ್ದಕ್ಕೂ ಗೆರೆಗಳನ್ನು ಹೊಂದಿಸಿ ನೋಡುತ್ತಿದ್ದಳು.

ಒಂದು ದಿನ ಶಾಲೆಯ ಸ್ಟಾಫ್ ರೂಮಿನಲ್ಲಿದ್ದಾಗ ಮೆಹರಳ ಫೋನ್ ಬಂತು. ದನಿಯಲ್ಲಿ ಖುಷಿ ಉಕ್ಕುತ್ತಿತ್ತು.

“ಅಕ್ಕಾರ, ನಡುಕ ಮಣಿಕಟ್ಟಿನಾಗಷ್ಟ ಕಾಣಸ್ತೈತ್ರಿ, ಮ್ಯಾಲೆ ತೋಳಿಗೆ ಅದರ ಸುದ್ದಿನ ಇಲ್ಲ. ಕಾಕಾ ಮಾತಾಡೂ ಅಲುಗಾಟ ಹಂಗಲ್ಲ. ಕೈ ಅಲುಗೂಕಿಂತಾ ಮೊದಲ ತೋಳಿನ ಸ್ನಾಯು ಒಂಚೂರ ಎಚ್ಚರಾಗ್ತೈತಿ. ನಯಾ ಅನ್ನೂದು ಒಂದ ಅಂಕಿ ಅಂತ ತಿಳದಿದ್ದ ನಮ್ಮ ತಪ್ಪು. ಅದೂ ಒಂದ ಗೆರಿನ. ತೋಳು ಹೇಳಿದಾಗ ಬಗ್ಗಬೇಕು, ಹೇಳದಾಗ ಬಿರುಸ ಇರಬೇಕು.”

ಕಡಗದ ಜೊತೆಗೆ ಈಗ ಎರಡೂ ತೋಳಿಗೆ ಒಂದೊಂದು ಪಟ್ಟಿ ಬಂತು. ಅಪ್ಪ ಕೇಂದ್ರದಲ್ಲಿ ಅವನ್ನು ತೊಟ್ಟು ನಿಂತಾಗ ಅವ್ವ ಮೇಲಿಂದ ಕೆಳಗೆ ನೋಡಿದಳು. “ಕಡಗ ಆತು, ತೋಳಬಂದಿ ಆತು. ನಡಕ್ಕ ಒಂದ ಡಾಬು ಹಾಕಿಬಿಡ್ರಿ, ಮತ್ತೊಮ್ಮೆ ಲಗ್ನಾ ಮಾಡೂಣು.”

ಅಪ್ಪ ನೀರಿನ ಲೋಟ ಎತ್ತಿದ. ಒಂದು ಹನಿಯೂ ಚೆಲ್ಲಲಿಲ್ಲ. ಲೋಟ ಕೆಳಗಿಟ್ಟು ನನ್ನ ಕಡೆ ತಿರುಗಿ, ಕಿವಿಯ ಪಕ್ಕ ಕೈಯೆತ್ತಿ, ಐದೂ ಬೆರಳು ಅಲುಗಿಸಿದ. ಗೆಜ್ಜೆ ಕಟ್ಟಿಕೊಂಡಿದ್ದ ವಯಸ್ಸಿನಿಂದ ನಾನು ನೋಡುತ್ತಿದ್ದ ಅದೇ ಹೆಸರು, ಅಷ್ಟೇ ಸ್ಪಷ್ಟ. ನಾನು “ಏನಪ್ಪಾ” ಎಂದು ಬಾಯಲ್ಲೇ ಅಂದುಬಿಟ್ಟೆ, ಕೈ ಎತ್ತುವುದೂ ನೆನಪಾಗಲಿಲ್ಲ. ಆ ಕ್ಷಣಕ್ಕೆ ನಾನು ಯಾರಿಗೆಲ್ಲ ಋಣಿ ಎಂದು ಹೇಳಲು ಹೊರಟರೆ ಮೆಹರಳಿಂದ ಶುರುವಾಗಿ, ಸಾಸಿವೆಯ ನಡುವೆ ಮೊದಲ ಗೆರೆ ಬಗ್ಗಿಸಿದ ಯಾವನೋ ಹೆಸರು ಗೊತ್ತಿಲ್ಲದ ಪುಣ್ಯಾತ್ಮನವರೆಗೆ ಹೋಗಬೇಕಾಗುತ್ತದೆ.

ಆದರೆ ಮೆಹರ್ ನಗುತ್ತಿರಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದಳು.

“ಒಂದ ಅಂಜಿಕಿ ಐತ್ರಿ ಅಕ್ಕಾರ. ಈ ಮಾತೆಲ್ಲಾ ರೇಖಾಗ ನಾವ ಕಲಿಸಿದ್ದು. ಆಕಿ ಖರೇನ ತೋಳಿನ ಭಾಷಾ ಕಲತಾಳೋ, ಇಲ್ಲಾ ಬರೇ ಇಷ್ಟ ಮಾತು ಬಾಯಿಪಾಠ ಮಾಡ್ಯಾಳೋ ಗೊತ್ತಿಲ್ಲ. ಬಾಯಿಪಾಠ ಆಗಿದ್ರ, ನಾಳೆ ಕಾಕಾ ಹೊಸಾದೊಂದು ಮಾತಾಡಿದ್ರ ಮತ್ತ ಹಿಡದ ನಿಲ್ಲಸ್ತಾಳ.”

ಬಾಯಿಪಾಠ ಎಂದರೇನೆಂದು ನನಗೆ ಬಿಡಿಸಿ ಹೇಳಬೇಕಿಲ್ಲ. ಪುಸ್ತಕದ ಲೆಕ್ಕಗಳನ್ನೆಲ್ಲ ಸರಸರ ಬಿಡಿಸಿ, ಅಂಕಿ ಬದಲಿಸಿ ಕೊಟ್ಟರೆ ಕಣ್ಣು ಕಣ್ಣು ಬಿಡುವ ಮಕ್ಕಳನ್ನು ಪ್ರತಿ ವರ್ಷ ನೋಡುತ್ತೇನೆ. ಗದಗ ಸ್ಟೇಷನ್ನಿನ ಜಗಳದಲ್ಲಿರುವಷ್ಟೇ ಮಾತುಗಳಲ್ಲಿ ಅಪ್ಪ ಉಳಿದ ಆಯುಷ್ಯ ಕಳೆಯಬೇಕೇ? ಬೇಡ ಎನ್ನಬಹುದು, ಮಗಳನ್ನು ಕರೆಯಬಹುದು, ಅಷ್ಟೇ ಏನು? ಈ ಅನುಮಾನವನ್ನು ನಾನು ಅಪ್ಪನಿಂದ ಮುಚ್ಚಿಡಲಿಲ್ಲ, ಮುಚ್ಚಿಡಲು ಬರುವುದೂ ಇಲ್ಲ. ಹೊಸದೊಂದು ಮಾತಾಡಿ ನೋಡಬೇಕಂತೆ ಎಂದು ಹೇಳಿದೆ.

“ಹೊಸಾ ಮಾತಂದ್ರ? ಯಾವದು?”

“ಯಾವದರ ಒಂದು. ಜಗಳದಾಗ ಬಂದಿರಬಾರದು. ರೇಖಾ ಒಮ್ಮೆನೂ ನೋಡಿರಬಾರದು.”

ಅಪ್ಪ ಯೋಚಿಸುತ್ತ ಕೂತ. ಅವನಿಗೆ ಏನು ಹೊಳೆಯಿತೋ, ಮುಖ ಗಂಭೀರವಾಯಿತು. ಅಂಗಿಯ ಕಾಲರ್ ಸರಿಮಾಡಿಕೊಂಡು ಎದ್ದು ನಿಂತು, ಮೆಹರಳನ್ನು ಎದುರಿಗೆ ಬರುವಂತೆ ಕರೆದ. ಅಪ್ಪ ಏನು ಮಾಡಲಿದ್ದಾನೆಂದು ನನಗೂ ಅವ್ವನಿಗೂ ಒಟ್ಟಿಗೇ ಗೊತ್ತಾಯಿತು. ಅವ್ವ ನನ್ನ ರಟ್ಟೆ ಹಿಡಿದುಕೊಂಡಳು.

ಕೈಮಾತಿನವರು ಹೊರಗಿನವರಿಗೆ ಸುಲಭವಾಗಿ ಹೆಸರಿಡುವುದಿಲ್ಲ. ನಾವಾಗಿ ಇಟ್ಟುಕೊಳ್ಳುವಂತಿಲ್ಲ, ಕೇಳಿ ಪಡೆಯುವಂತಿಲ್ಲ. ಇವರು ನಮ್ಮವರು ಎನಿಸಿದಾಗ ಕಿವುಡರು ತಾವಾಗಿ ಕೊಡಬೇಕು. ವರ್ಕ್‌ಶಾಪಿನ ಸಾಹೇಬರೊಬ್ಬರು ಕೊನೆಯವರೆಗೂ ಕಾದು, ಹೆಸರಿಲ್ಲದೆಯೇ ವರ್ಗವಾಗಿ ಹೋದರು.

ಅಪ್ಪ ಮೆಹರಳ ಕಡೆ ಬೆರಳು ತೋರಿಸಿದ. ಆಮೇಲೆ ಬಲಗೈಯನ್ನು ಮೊಳಕೈಯಲ್ಲಿ ಮಡಚಿ, ಮುಷ್ಟಿಯನ್ನು ಕೆಳಮುಖ ಮಾಡಿ, ಸಣ್ಣದಾಗಿ ಪಟಪಟನೆ ಅಲುಗಿಸಿದ. ಯಾವ ಜಗಳದಲ್ಲೂ ಬರದಿದ್ದ, ಲೋಕದಲ್ಲಿ ಆ ಗಳಿಗೆಯವರೆಗೆ ಇಲ್ಲದೇ ಇದ್ದ ಮಾತು ಅದು. ಕಡಗ ಹಿಡಿಯಲಿಲ್ಲ. ಪರದೆಯ ಮೇಲೆ ಅಪ್ಪನ ಹಸಿರು ಗೆರೆ ಅಲುಗುವಷ್ಟು ಅಲುಗಿ, ಕೈ ಕೆಳಗಿಳಿದ ಕೂಡಲೇ ನೆಟ್ಟಗಾಯಿತು.

“ಏನಂದ್ರು?” ಎಂದಳು ಮೆಹರ್. ಅವಳು ಗೆರೆ ನೋಡುತ್ತಿದ್ದಳು. “ಅಕ್ಕಾರ, ಏನಂದ್ರು ಹೇಳ್ರಿ.”

“ನಿನ್ನ ಹೆಸರು,” ಎಂದೆ. “ರೇಖಾ ಲೆಕ್ಕಾ ಮಾಡೂ ಮುಂದ ನೀ ಕುಂತಲ್ಲೇ ಮೊಣಕಾಲ ಅಲ್ಲಾಡಸ್ತೀಯಲ್ಲಾ. ಅದನ್ನ ಅಪ್ಪ ನೋಡ್ಯಾನ. ಇನ್ನ ಮುಂದ ನಮ್ಮ ಮನ್ಯಾಗ ನೀ ಅಂ‌ದ್ರ ಇದ.”

“ಕಾಲ ಅಲ್ಲಾಡಸೂದು ಮನಿಗೆ ಚಲೋ ಅಲ್ಲಂತ ನಮ್ಮ ಅಮ್ಮೀನೂ ಬೈತಾಳ್ರಿ,” ಎಂದು ಮೆಹರ್ ನಗಲು ಹೋಗಿ ಅತ್ತಳು. ಕಣ್ಣೊರೆಸಿಕೊಂಡು ತನ್ನ ಮುಷ್ಟಿಯನ್ನು ಕೆಳಮುಖ ಮಾಡಿ, ಅಪ್ಪ ಮಾಡಿದಂತೆಯೇ ಮಾಡಲು ನೋಡಿದಳು. ಜೀವಮಾನದ ಕೆಲಸವೇ ನಡುಕ ನಿಲ್ಲಿಸುವುದಾದ ಅವಳ ಕೈ ಬಹಳ ಸಂಕೋಚದಿಂದ ಅತ್ತಿತ್ತ ಆಡಿತು.

ಅಪ್ಪ ಇಲ್ಲವೆಂದು ತಲೆಯಾಡಿಸಿದ. ಅದು ಹೆಸರಾಗಲಿಲ್ಲ ಎಂದು ಅವನ ಮುಖ ಹೇಳುತ್ತಿತ್ತು. ಅವಳ ಮಣಿಕಟ್ಟನ್ನು ತನ್ನ ಸ್ಥಿರವಾದ ಕೈಯಲ್ಲಿ ಹಿಡಿದು, ಇನ್ನೂ ಜೋರಾಗಿ ಅಲ್ಲಾಡಿಸಬೇಕೆಂದು ತೋರಿಸಿಕೊಟ್ಟ.